ಪದಚರ್ಚೆ: ‘ಡಿಸರ್ನ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಕಥೋಲಿಕ ಭಕ್ತರಿಗಾಗಿ ಇರುವ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ: ದಿನನಿತ್ಯದ ಬದುಕಿನಲ್ಲಿ ‘ಡಿಸರ್ನ್‌ಮೆಂಟ್’. ‘ವಿವೇಚನೆ’ ಎಂದು ಬರೆದೆ, ಅಳಿಸಿದೆ. ‘ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು’ ಎನ್ನುವ ಸುತ್ತೋಲೆ ಓದಿದ ಹಾಗಾಗುತ್ತದೆ. ‘ವಿವೇಕ’ ಒಂದು ಗುಣ. ನನಗೆ ಬೇಕಿರುವುದು ಕೆಲಸದ ಹೆಸರು. ಮನಸ್ಸಿನಲ್ಲಿ ಏಳುವ ಸೆಳೆತಗಳಲ್ಲಿ ಯಾವುದು ದೇವರದು, ಯಾವುದು ಅಲ್ಲ ಎಂದು ಕೂತು ನೋಡುವ ಕೆಲಸ. ಜೊತೆಗೆ ‘ಕನ್ಸೊಲೇಶನ್’ಗೆ ‘ಸಾಂತ್ವನ’ ಇದೆ, ಅದಕ್ಕೆ ಎದುರಾದ ‘ಡೆಸೊಲೇಶನ್’ಗೆ, ಅಂದರೆ ಒಳಗೆಲ್ಲ ಒಣಗಿದ ಸ್ಥಿತಿಗೆ, ಏನು?

ಉತ್ತರ:
ವಿವೇಚನೆ. ನಿಘಂಟಿನಲ್ಲೇ ಇದೆ. ಇದರಲ್ಲಿ ಚರ್ಚೆಗೆ ಏನಿದೆಯೋ ತಿಳಿಯಲಿಲ್ಲ.

ಉತ್ತರ:
ಇದೆ ಸ್ವಾಮಿ, ಬೇಕಾದಷ್ಟಿದೆ. ‘ವಿವೇಕ’, ‘ವಿವೇಚನೆ’ ಎರಡರ ಬೇರೂ ‘ವಿಚ್’. ಕಾಳಿನಿಂದ ಹೊಟ್ಟು ಬೇರೆ ಮಾಡುವುದು ಅದರ ಹಳೆಯ ಅರ್ಥ. ಲ್ಯಾಟಿನ್ನಿನ ‘ಚೆರ್ನೆರೆ’ಯೂ ಜರಡಿ ಹಿಡಿಯುವುದೇ. ಅದರಿಂದಲೇ ‘ಡಿಸರ್ನ್’ ಬಂದದ್ದು. ಎರಡು ಭಾಷೆಗಳು ಒಂದೇ ಕಣದಲ್ಲಿ ನಿಂತಿವೆ! ಅಂದಮೇಲೆ ಸಂಸ್ಕೃತದ ಹಂಗೇಕೆ? ‘ಮನಸ್ಸನ್ನು ತೂರುವುದು’ ಎನ್ನಿ. ಮೊರ ಕೈಯಲ್ಲಿದ್ದರೆ ಸಾಕು.

ಉತ್ತರ:
> ಮನಸ್ಸನ್ನು ತೂರುವುದು
ಮನಸ್ಸನ್ನು ಗಾಳಿಗೆ ತೂರಿದರೆ ಉಳಿಯುವುದೇನು? ಇನ್ನು ಜರಡಿಯ ವಿಚಾರ. ಲೂಕನ ಸುವಾರ್ತೆ 22:31 ತೆಗೆದು ನೋಡಿ. ಶಿಷ್ಯರನ್ನು ಗೋಧಿಯ ಹಾಗೆ ಜರಡಿ ಹಿಡಿಯಬೇಕೆಂದು ಕೇಳಿಕೊಂಡವನು ಸೈತಾನ. ಕೈಪಿಡಿಗೆ ಒಳ್ಳೆಯ ಮುಹೂರ್ತ. ನನ್ನ ಮತ ‘ಒರೆಗೆ ಹಚ್ಚುವುದು’. 1 ಯೊವಾನ್ನ 4:1ರಲ್ಲಿ ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷಿಸಿ ಎಂಬ ಮಾತಿದೆಯಲ್ಲ, ಅಲ್ಲಿನ ಗ್ರೀಕ್ ಪದ ಲೋಹದ ಸಾಚಾತನ ನೋಡುವುದಕ್ಕೂ ಬಳಕೆಯಲ್ಲಿದ್ದದ್ದು. ಅಚ್ಚಗನ್ನಡ, ಅರ್ಥವೂ ಸರಿ. ಮುಗಿಯಿತು.

ಕೇಳಿದವರು:
ಮುಗಿಯಲಿಲ್ಲ, ಕ್ಷಮಿಸಿ. ಒರೆಗೆ ಹಚ್ಚಿದರೆ ಚಿನ್ನವೋ ಅಲ್ಲವೋ ಆಗಲೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ, ಕಾಯಬೇಕು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲಾ (ಮುಂದೆ ಯೇಸುಸಭೆ ಕಟ್ಟಿದ ಸಂತರು, ಆಗಿನ್ನೂ ಯೋಧ) ತಿಂಗಳುಗಟ್ಟಲೆ ಮಲಗಿದ್ದರು. ಶೌರ್ಯ, ಹೆಸರು ಎಂದು ಹಗಲುಗನಸು ಕಂಡಾಗ ಖುಷಿ, ಆಮೇಲೆ ಒಳಗೆಲ್ಲ ಒಣಒಣ. ಸಂತರ ಹಾಗೆ ಬದುಕಿದರೆ ಹೇಗೆ ಎಂದುಕೊಂಡಾಗಲೂ ಖುಷಿ, ಆದರೆ ಅದು ಆಮೇಲೂ ಉಳಿಯುತ್ತಿತ್ತು. ವ್ಯತ್ಯಾಸ ಕಂಡದ್ದು ಆ ‘ಆಮೇಲೆ’ಯಲ್ಲಿ. 1548ರಲ್ಲಿ ಅಚ್ಚಾದ ಅವರ ಧ್ಯಾನದ ಕೈಪಿಡಿಯಲ್ಲಿ ಇದಕ್ಕೆಂದೇ ಎರಡು ಕಂತು ನಿಯಮಗಳಿವೆ, ಮೊದಲು 14, ಆಮೇಲೆ 8. ನನಗೆ ಜಾಸ್ತಿ ಇಷ್ಟವಾದದ್ದು ಮೊದಲ ಕಂತಿನ ಐದನೆಯದು: ಮನಸ್ಸು ಬತ್ತಿದಾಗ ಹಿಂದೆ ಮಾಡಿದ ತೀರ್ಮಾನ ಬದಲಿಸಬೇಡ. ಕೆಲಸ ಬಿಡಲೋ, ಮುನಿಸಿಕೊಂಡ ತಮ್ಮನಿಗೆ ಫೋನ್ ಮಾಡಲೋ ಎಂದು ಒದ್ದಾಡುವವರು ಓದುವ ಕೈಪಿಡಿ ಇದು. ಅವರ ಕೈಗೆ ಒರೆಗಲ್ಲು ಕೊಟ್ಟರೆ ಏನು ಮಾಡಿಯಾರು?

ಉತ್ತರ:
‘ಬತ್ತಿದಾಗ’ ಎಂದು ನೀವೇ ಬರೆದಿರಿ! ‘ಡೆಸೊಲೇಶನ್’ಗೆ ‘ಬತ್ತಿದ ಮನಸ್ಸು’ ಸಾಕು. ‘ಆಧ್ಯಾತ್ಮಿಕ ಶುಷ್ಕತೆ’ ಎಂದು ಮಾತ್ರ ಬರೆಯಬೇಡಿ, ಓದುವವರ ಗಂಟಲು ಒಣಗುತ್ತದೆ.

ಉತ್ತರ:
ಕನ್ನಡ ಕ್ರೈಸ್ತ ಬರವಣಿಗೆಯ ರೋಗವೇ ಇದು. ಎಲ್ಲೆಲ್ಲೂ ಸಂಸ್ಕೃತ. ಪ್ರೇಷಿತ, ಪುನರುತ್ಥಾನ, ಈಗ ವಿವೇಚನೆ. ಹಳ್ಳಿಯ ಅಜ್ಜಿ ಜಪಸರ ಹಿಡಿದು ಕೂತಾಗ ಈ ಮಾತಾಡುತ್ತಾಳಾ?

ಉತ್ತರ:
‘ಜಪಸರ’ದಲ್ಲಿ ‘ಜಪ’ ಎಲ್ಲಿಯದು? ‘ಪಾದ್ರಿ’, ‘ಇಗರ್ಜಿ’ (ಚರ್ಚು) ಪೋರ್ಚುಗೀಸರು ಬಿಟ್ಟುಹೋದವು, ಅವನ್ನೂ ಕಿತ್ತು ಎಸೆಯುತ್ತೀರಾ? ಅಂದಹಾಗೆ ಇಗರ್ಜಿಯ ‘ಚಾವಿ’ಯೂ ಅವರದೇ. ಎಸೆದರೆ ಬಾಗಿಲು ತೆಗೆಯುವುದು ಹೇಗೆ? ಸುಮ್ನೆ ಅಚ್ಚಗನ್ನಡ ಅಂತ ಕೂಗಬೇಡಿ.

ಉತ್ತರ:
ಕೂಗಲಿಲ್ಲ. ಕೇಳಿದೆ.

ಕೇಳಿದವರು:
ಜಗಳ ನನ್ನಿಂದ ಶುರುವಾಯಿತು ಅನ್ನಿಸುತ್ತಿದೆ. ರಾತ್ರಿ ಮತ್ತೆ ಇಡೀ ಪಠ್ಯ ಓದಿದೆ. ಅದರಲ್ಲಿ ಜಾಸ್ತಿ ಬರುವುದು ಕ್ರಿಯಾಪದ. ದಿನ ಮುಗಿದಾಗ ಕೂತು ಹಿಂತಿರುಗಿ ನೋಡು, ಎಲ್ಲಿ ನೆಮ್ಮದಿ ಉಳಿಯಿತು, ಎಲ್ಲಿ ಬತ್ತಿತು, ಗುರುತಿಸು. ಯೊವಾನ್ನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕುರಿಗಳು ಕುರುಬನ ದನಿ ಹಿಡಿದು ಹೋಗುವುದೂ ಹಾಗೆಯೇ ಅಲ್ವಾ, ನಾಮಪದ ಹುಡುಕಿಕೊಂಡಲ್ಲ. ಹಾಗಾಗಿ ತಲೆಬರಹ ‘ದಿನದಿನವೂ ದೇವರ ದನಿ ಗುರುತಿಸುವುದು’. ಒಳಗೆ ಒಂದೇ ಒಂದು ಕಡೆ ‘ಇದನ್ನು ವಿವೇಚನೆ ಎನ್ನುತ್ತಾರೆ’ ಎಂದು ಹೇಳಿಬಿಡುತ್ತೇನೆ, ಇತರ ಪುಸ್ತಕ ಓದುವಾಗ ಗೊತ್ತಾಗಲಿ. ‘ಒರೆಗೆ ಹಚ್ಚಿ’ ಯೊವಾನ್ನನ ವಾಕ್ಯದ ವಿವರಣೆಗೆ ಹೋಯಿತು. ‘ಬತ್ತಿದ ಮನಸ್ಸು’ ಹಾಗೇ ಉಳಿಯಿತು. ವಂದನೆಗಳು.

ಉತ್ತರ:
ಅಂದರೆ ಕೊನೆಗೆ ‘ವಿವೇಚನೆ’. ಮೊದಲೇ ಹೇಳಿದ್ದೆ.

ಉತ್ತರ:
ಮೊರದಿಂದ ಗಾಳಿಗೆ ಸುರಿದರೆ ತೂರುವುದು, ಮೊರವನ್ನೇ ಕುಣಿಸಿದರೆ ಕೇರುವುದು. ಮೇಲೆ ಒಬ್ಬರು ಎರಡನ್ನೂ ಕಲಸಿದ್ದಾರೆ. ಯಾರೂ ತಿದ್ದಲಿಲ್ಲ.