ಸಹಾಯ ಬೇಕು: ಮಗಳ ಬಾಯಲ್ಲಿ ‘ಕ’ ಎಲ್ಲ ‘ತ’ ಆಗ್ತಿದೆ

ನಮಸ್ಕಾರ. ಮಗಳಿಗೆ 5 ವರ್ಷ. ‘ಕಾಗೆ’ಗೆ ‘ತಾದೆ’ ಅನ್ನುತ್ತಾಳೆ, ‘ಗಿಳಿ’ಗೆ ‘ದಿಳಿ’. ನಾಲಿಗೆಯ ಹಿಂಭಾಗದಿಂದ ಬರಬೇಕಾದ ಸದ್ದೆಲ್ಲ ಮುಂದಕ್ಕೆ ಬಂದುಬಿಡುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ಸಹಜ, ಆದರೆ ಸಾಮಾನ್ಯವಾಗಿ 4 ವರ್ಷದ ಹೊತ್ತಿಗೆ ಹೋಗುತ್ತದೆ ಅಂತ ಸ್ಪೀಚ್ ಥೆರಪಿಸ್ಟ್ ಹೇಳಿದರು. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ತೊಂದರೆ ಇಲ್ಲ.

ಈಗ ಜೋಡಿ ಪದಗಳ ಅಭ್ಯಾಸ ನಡೀತಿದೆ. ‘ಕಾಯಿ’, ‘ತಾಯಿ’ ಎರಡೂ ಚಿತ್ರ ಮುಂದಿಡುತ್ತೇನೆ. ನಾನು ಹೇಳಿದರೆ ಸರಿಯಾದದ್ದನ್ನೇ ಮುಟ್ಟುತ್ತಾಳೆ. ತಾನು ಹೇಳುವಾಗ ಮಾತ್ರ ಎರಡೂ ‘ತಾಯಿ’. ‘ಕಾಯಿ’ ಬೇಕು ಅಂತ ‘ತಾಯಿ’ ಅಂದಾಗ ನಾನು ತಾಯಿಯ ಚಿತ್ರ ಎತ್ತಿಕೊಟ್ಟರೆ, “ಅದಲ್ಲ, ತಾಯಿ!” ಅಂತ ಅಳುತ್ತಾಳೆ. ವ್ಯತ್ಯಾಸ ಅವಳಿಗೆ ಗೊತ್ತು, ಬಾಯಿಗೆ ಬರುತ್ತಿಲ್ಲ. ನೋಡೋಕೆ ಸಂಕಟ ಆಗುತ್ತದೆ.

ಪ್ರಾಸದ ಪದ ಹುಡುಕೋದು, ಪದದ ಮೊದಲ ಸದ್ದು ಗುರುತಿಸೋದು ಕೂಡ ಅವಳಿಗೆ ಕಷ್ಟ. ಮುಂದೆ ಓದೋಕೆ ಇದು ಅಡ್ಡಿಯಾಗಬಹುದು ಅನ್ನೋದೇ ನನಗೆ ಜಾಸ್ತಿ ಚಿಂತೆ.

ಹೀಗಿದ್ದ ಮಕ್ಕಳನ್ನು ಬೆಳೆಸಿದವರು, ಥೆರಪಿಸ್ಟ್‌ಗಳು ಇದ್ದರೆ ದಯವಿಟ್ಟು ಹೇಳಿ. ಅಳಿಸದೆ ಅಭ್ಯಾಸ ಮಾಡಿಸೋದು ಹೇಗೆ? ಸದ್ದಿನ ಆಟಗಳನ್ನು ಈಗಲೇ ಶುರು ಮಾಡಬೇಕಾ, ಮಾತು ತಿದ್ದಿದ ಮೇಲಾ? ‘ಸುಮ್ನೆ ಕಾಯಿರಿ, ತಾನಾಗೇ ಸರಿಹೋಗುತ್ತೆ’ ಅನ್ನೋ ಮಾತು ತುಂಬಾ ಕೇಳಿದ್ದೇವೆ, ಅದೊಂದು ಬೇಡ.