‘ಮೀಡಿಯಂ ಸೆಕ್ಯುರಿಟಿ’ ಜೈಲು: ಭದ್ರತೆಯೋ, ಕಾವಲೋ?

ಬಳಗದ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಅಮೆರಿಕದ ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಜೈಲುಗಳ ಬಗೆಗಿನ ಬರಹವೊಂದನ್ನು ಇಲ್ಲಿನ ಕಾನೂನು ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ‘ಮೀಡಿಯಂ ಸೆಕ್ಯುರಿಟಿ’ಯ ಹತ್ತಿರ ಕೈ ನಿಂತಿದೆ. ಮೊದಲು ‘ಮಧ್ಯಮ ಭದ್ರತೆಯ ಕಾರಾಗೃಹ’ ಎಂದು ಬರೆದಿದ್ದೆ. ಓದಿದ ಹುಡುಗಿಯೊಬ್ಬಳು, “ಸರ್, ಅಲ್ಲಿ ಒಳಗಿದ್ದವರಿಗಿ ಭದ್ರತಾ ಸಾಕಾಗಂಗಿಲ್ಲೇನ್ರಿ?” ಎಂದಳು. ಅವಳು ಕೇಳಿದ್ದು ಸರಿ. ಭದ್ರತೆ ಎಂದರೆ ನಮ್ಮ ಕಿವಿಗೆ ಒಳಗಿದ್ದವರನ್ನು ಕಾಪಾಡುವುದು. ಇಲ್ಲಿ ಹೇಳಬೇಕಾದದ್ದು ಅವರು ಹೊರಗೆ ಹೋಗದಂತೆ ಕಾಯುವುದು.

ಅಲ್ಲಿ ಮಿನಿಮಂ, ಲೋ, ಮೀಡಿಯಂ, ಹೈ ಎಂದು ಮೆಟ್ಟಿಲುಗಳಿವೆ. ಮೀಡಿಯಂ ಜೈಲಿಗೆ ಸಾಮಾನ್ಯವಾಗಿ ಎರಡು ಸುತ್ತು ಬೇಲಿ, ಯಾರಾದರೂ ದಾಟಲು ನೋಡಿದರೆ ಸುಳಿವು ಕೊಡುವ ವಿದ್ಯುನ್ಮಾನ ವ್ಯವಸ್ಥೆ, ಒಳಗೆ ಹೆಚ್ಚಾಗಿ ಒಬ್ಬಿಬ್ಬರನ್ನು ಇಡುವ ಚಿಕ್ಕ ಕೋಣೆಗಳಾದ ಸೆಲ್‌ಗಳು, ಲೋ ಜೈಲಿಗಿಂತ ಹೆಚ್ಚು ಸಿಬ್ಬಂದಿ. ಅಪರಾಧ ಎಂಥದು, ಹಿಂದಿನ ನಡವಳಿಕೆ ಹೇಗಿತ್ತು, ತಪ್ಪಿಸಿಕೊಂಡು ಹೋದದ್ದುಂಟೇ, ವಯಸ್ಸೆಷ್ಟು ಎಂಬುದಕ್ಕೆಲ್ಲ ಅಂಕ ಹಾಕಿ, ಯಾರು ಯಾವ ಮೆಟ್ಟಿಲಿಗೆ ಎಂದು ಗೊತ್ತುಮಾಡುತ್ತಾರೆ. ನಮ್ಮಲ್ಲಿ ಕೇಂದ್ರ, ಜಿಲ್ಲಾ, ತಾಲೂಕು, ಬಯಲು ಬಂದೀಖಾನೆ ಎಂಬ ಹೆಸರುಗಳಿವೆ. ಬಯಲು ಬಂದೀಖಾನೆ ಬಿಟ್ಟರೆ ಉಳಿದ ಹೆಸರುಗಳಲ್ಲಿ ಕಾವಲಿನ ಬಿಗಿ ಕಾಣುವುದಿಲ್ಲ. 1894ರ ಕಾರಾಗೃಹ ಕಾಯ್ದೆಯ 27ನೇ ಕಲಂ ಹೇಳುವ ವಿಂಗಡಣೆಯೇ ಬೇರೆ: ಹೆಂಗಸರು ಬೇರೆ, ಎಳೆಯರು ಬೇರೆ, ವಿಚಾರಣೆಯಲ್ಲಿರುವವರು ಬೇರೆ, ಸಜಾ ಆದವರು ಬೇರೆ.

‘ಬಂದೋಬಸ್ತ್’ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಜಾತ್ರೆಗೆ, ಚುನಾವಣೆಗೆ ಹಾಕಿ ತೆಗೆಯುವಂಥದ್ದು. ‘ನಡುಬಿಗಿ’ ಎಂದರೆ ಸೊಂಟ ಬಿಗಿದಂತೆ ಕೇಳುತ್ತದೆ. ‘ಮಧ್ಯಮ ಕಾವಲಿನ ಜೈಲು’ ನನಗೆ ಒಪ್ಪುತ್ತದೆ. ಹೈ ಎಂಬುದಕ್ಕೆ ‘ಬಿಗಿ ಕಾವಲು’ ತಾನಾಗಿಯೇ ಒದಗುತ್ತದೆ. ‘ಸೆಲ್’ ಅನ್ನು ಮಾತ್ರ ಹಾಗೇ ಉಳಿಸಿದ್ದೇನೆ. ‘ಬ್ಯಾರಕ್’ ಎಂದರೆ ನಮ್ಮವರ ಕಣ್ಣಿಗೆ ಸಾಲಾಗಿ ಹಾಸಿಗೆ ಹಾಸಿದ ಉದ್ದನೆಯ ಕೋಣೆ ಬರುತ್ತದೆ, ಅಲ್ಲಿನ ಸೆಲ್ ಅದಲ್ಲ.

ಜೈಲಿನ ಒಳಗಿರುವವರನ್ನು ಕರೆಯುವ ‘ಇನ್ಮೇಟ್’ಗೆ ಕೈದಿ ಎನ್ನಲು ನನಗೆ ಮನಸ್ಸಿಲ್ಲ. ಹಿಂದೊಮ್ಮೆ ಜೈಲಿನ ಗೇಟಿನ ಮುಂದೆ, ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಲಾಖಾತಿಗೆ ಬಂದಿದ್ದ ಮುದುಕಿಯನ್ನು ಯಾರೋ “ಯಾವ ಕೈದಿನ್ನ ನೋಡಬೇಕವ್ವಾ?” ಎಂದು ಕೇಳಿದರು. ಆಕೆ ಗಂಟು ಬಿಚ್ಚುತ್ತಲೇ, “ನನ್ ಮಗಗ ಇನ್ನಾ ಸಜಾ ಆಗಿಲ್ಲರಿ, ಕೈದಿ ಅನಬ್ಯಾಡ್ರಿ” ಎಂದಳು. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ವಿಚಾರಣಾಧೀನರು. ಹಾಗಾಗಿ ಸಜಾ ಆದವರಿಗೂ ಆಗದವರಿಗೂ ಸಲ್ಲುವ ‘ಬಂದಿ’ ಎಂದು ಬರೆಯುತ್ತಿದ್ದೇನೆ. ಬಂಧನದ ಜಾಡು ಹಿಡಿದು ‘ಬಂಧಿ’ ಎಂದು ತಿದ್ದಬೇಡಿ. ಸಂಸ್ಕೃತದಲ್ಲೂ ಅದು ಅಲ್ಪಪ್ರಾಣದ ‘ಬಂದೀ’.

ಇನ್ನೊಂದು ಪದ ಬೇಕಾಗಿದೆ. ಹೊತ್ತು ಮುಳುಗುವ ಮೊದಲು ತಲೆ ಎಣಿಸಿ ಒಳಗೆ ಬೀಗ ಹಾಕುವ ಕೆಲಸಕ್ಕೆ ಬೀದರ, ಯಾದಗಿರಿ ಕಡೆಯ ಜೈಲಿನವರು ಏನನ್ನುತ್ತಾರೆ? ಕೇಳಿದವರಿದ್ದರೆ, ಕೇಳಿದ ಹಾಗೆಯೇ ಬರೆದು ತಿಳಿಸಿ.