ಸಹಾಯ ಬೇಕು: ಮಲ್ಪೆಯ ಡೀಸೆಲ್, ಸೀತಾನದಿಯ ಕಾಂಡ್ಲಾ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಊರಿನಿಂದ ಎಷ್ಟು ಇಂಗಾಲ ಗಾಳಿಗೆ ಹೋಗುತ್ತದೆ ಅಂತ ಮಕ್ಕಳ ಜೊತೆ ಲೆಕ್ಕ ಹಾಕುತ್ತಿದ್ದೇವೆ.

ಕರೆಂಟ್ ಬಿಲ್ಲಿನ ಲೆಕ್ಕ ಸುಲಭ. ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ದೇಶದ ಸರಾಸರಿ ಅದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ. ಆದರೆ ಬೋಟುಗಳ ವಿವರ ನಮ್ಮ ಹತ್ತಿರ ಇಲ್ಲ. ಮಲ್ಪೆಯ ಟ್ರಾಲ್ ಬೋಟಿನವರು ಯಾರಾದರೂ ಒಂದು ಟ್ರಿಪ್ಪಿಗೆ ಎಷ್ಟು ಲೀಟರ್ ಬೇಕು ಅಂತ ಹೇಳುತ್ತೀರಾ? ಯಾರನ್ನೂ ದೂರಲು ಅಲ್ಲ. ನಮ್ಮ ಮಕ್ಕಳಲ್ಲಿ ಸುಮಾರು ಜನ ಮೀನುಗಾರರ ಮನೆಯವರೇ.

ಇನ್ನೊಂದು, ನನಗೆ ಜಾಸ್ತಿ ಚಿಂತೆ ಇರುವುದು ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನದ್ದು. ಅದರ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಬಿದ್ದ ಎಲೆ, ಬೇರು ಬೇಗ ಕೊಳೆಯುವುದಿಲ್ಲ. ಹಾಗಾಗಿ ಮರಕ್ಕಿಂತ ಮಣ್ಣಿನಲ್ಲೇ ಇಂಗಾಲ ಹೆಚ್ಚು. ಕಾಡು ಕಡಿದು ಕೆಸರು ಅಗೆದರೆ ಅದು ವಾಪಸ್ ಗಾಳಿಗೆ ಹೋಗುತ್ತದೆ. ಸೀತಾ, ಸ್ವರ್ಣಾ ನದಿಯ ಕುದ್ರುಗಳಲ್ಲಿ (ನದಿ ನಡುವಿನ ದ್ವೀಪಗಳಲ್ಲಿ) ಮೊದಲು ಎಲ್ಲೆಲ್ಲಿ ಕಾಂಡ್ಲಾ ಇತ್ತು ಅಂತ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಹಳೆ ಫೋಟೋ ಇದ್ದರೆ ದಯವಿಟ್ಟು ಹಾಕಿ. ಕೆಸರಿನ ಸ್ಯಾಂಪಲ್ ತೆಗೆದು ಗೊತ್ತಿದ್ದವರು ಒಂದು ಶನಿವಾರ ಬಂದು ಮಕ್ಕಳಿಗೆ ತೋರಿಸಬಹುದಾ? ಊಟ, ಬಸ್ಸಿನ ಖರ್ಚು ನಮ್ಮದು.